ಹಿಡಿಕೆ ನಡುಗಿದಾಗ

ಕನ್ನಡ ಸಾಹಿತ್ಯವನ್ನು ಪಾಠ ಹೇಳುತ್ತ ಬಂದವನೊಬ್ಬ ಮೋಟಾರು ಸೈಕಲ್ಲಿನ ನಡುಕವನ್ನು ಕುರಿತು ಮಾತನಾಡುವುದು ಅನಧಿಕಾರವೆಂದು ಕೆಲವರಿಗೆ ತೋರೀತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಡುವೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಾಠಕ್ಕೆ, ಪರೀಕ್ಷೆಗೆ, ಉಪನ್ಯಾಸಕ್ಕೆ ಎಂದು ನಾನು ತಿರುಗಾಡಿದ್ದು ಈ ವಾಹನದ ಮೇಲೆಯೇ ಎಂಬುದು ನನ್ನ ಒಂದು ಅಧಿಕಾರ. ಇನ್ನೊಂದು ಇದಕ್ಕಿಂತ ದೊಡ್ಡದು: ಈ ವಿಷಯದಲ್ಲಿ ಅರ್ಧ ಯಂತ್ರಶಾಸ್ತ್ರವಿದ್ದರೆ ಇನ್ನರ್ಧ ಭಾಷೆಯಿದೆ.

ನಮ್ಮ ಸವಾರನು ಗ್ಯಾರೇಜಿಗೆ ಹೋಗಿ ಹೇಳುವುದು ಒಂದೇ ಮಾತು: "ಗಾಡಿ ಅಲುಗಾಡತೈತಿ." ಮಿಸ್ತ್ರಿಯು ಹಿಡಿಕೆಯ ಕಂಬ ತಿರುಗುವ ಗುಂಡುಗಳ ಬಟ್ಟಲನ್ನು, ಅಂದರೆ ಗ್ಯಾರೇಜಿನ ಮಾತಿನಲ್ಲಿ 'ಕೋನ್ ಸೆಟ್' ಎನ್ನುವುದನ್ನು, ಬಿಗಿಮಾಡಿ ಕಳಿಸುತ್ತಾನೆ. ಎಂಟು ದಿನದ ಮೇಲೆ ನಡುಕ ಮರಳಿ ಬರುತ್ತದೆ. ಇಲ್ಲಿ ಮಿಸ್ತ್ರಿಯನ್ನು ದೂರಿ ಫಲವಿಲ್ಲ. ವೈದ್ಯನೆದುರು ಕುಳಿತು "ಮೈಯಲ್ಲಿ ಸುಖವಿಲ್ಲ" ಎಂದಷ್ಟೇ ಹೇಳಿ ಔಷಧ ಬೇಡಿದ ರೋಗಿಗೆ ಇದಕ್ಕಿಂತ ಹೆಚ್ಚಿನ ಚಿಕಿತ್ಸೆ ದೊರೆಯಲಾರದು.

ವಿಷಯ ಅಲ್ಪವಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಆ ವೇಗದಲ್ಲಿ ಹಿಡಿಕೆ ಸೆಕೆಂಡಿಗೆ ಏಳೆಂಟು ಸಲ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿದರೆ ಮನುಷ್ಯನ ತೋಳು ಅದನ್ನು ತಡೆಯಲಾರದು. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಪ್ರತಿಕ್ರಿಯಿಸುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಕಳೆದಿರುತ್ತದೆ. ಅಷ್ಟರಲ್ಲಿ ಗಾಲಿ ಇನ್ನೊಂದು ಮಗ್ಗುಲಿಗೆ ಹೊರಳಿರುತ್ತದೆ. ತಡೆಯಲು ಹೋದ ಕೈಯೇ ನಡುಕಕ್ಕೆ ನೆರವಾಗುತ್ತದೆ. ಆದುದರಿಂದ ಈ ವ್ಯಾಧಿಯನ್ನು ದಾರಿಯಲ್ಲಿ ಗೆಲ್ಲುವುದಕ್ಕಿಂತ ಮನೆಯ ಅಂಗಳದಲ್ಲಿ ಗುರುತಿಸುವುದೇ ಲೇಸು.

ಗುರುತಿಸುವುದಕ್ಕೆ ನಮ್ಮ ಆಯುರ್ವೇದದಲ್ಲಿ 'ನಿದಾನ'ವೆಂದು ಹೆಸರು. ಇದು ಅಲ್ಪಪ್ರಾಣದ ದಕಾರ. ಮಹಾಪ್ರಾಣ ಬಂದರೆ ಅದು 'ನಿಧಾನ', ಸಾವಕಾಶವೆಂಬ ಅರ್ಥದ್ದು. ಮೋಟಾರು ಸೈಕಲ್ಲಿನ ಮಟ್ಟಿಗೆ ಎರಡೂ ಒಟ್ಟಿಗೆ ಬೇಕು. ಆಯುರ್ವೇದವು ರೋಗವನ್ನು ಅರಿಯಲು ಐದು ಬಾಗಿಲುಗಳನ್ನು ಹೇಳುತ್ತದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಕಾರಣ, ಮುನ್ಸೂಚನೆ, ಲಕ್ಷಣ, ಯಾವುದರಿಂದ ಶಮನ ಎಂಬ ಪರೀಕ್ಷೆ, ರೋಗ ಬೆಳೆದ ಬಗೆ ಎಂದು ಇವುಗಳಿಗೆ ಸ್ಥೂಲವಾಗಿ ಅರ್ಥ ಹೇಳಬಹುದು. ನಾವು ರೂಪದಿಂದ ಆರಂಭಿಸೋಣ.

ನಡುಕದ ರೂಪಗಳು ನಾಲ್ಕು. ಕನ್ನಡದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಮಾತುಗಳಿವೆ.

ಮೊದಲನೆಯದು ಅದುರು. ಅಂಗೈಗೆ ಜುಮ್ಮೆನ್ನಿಸುವ ಸಣ್ಣ ಕಂಪ. ಇದು ಎಂಜಿನ್ನಿನದು. ಕ್ಲಚ್ಚು ಹಿಡಿದು ಎಂಜಿನ್ನಿನ ವೇಗವನ್ನು ಇಳಿಸಿದಾಗ, ಗಾಡಿಯ ಓಟ ಅಷ್ಟೇ ಇದ್ದರೂ, ಅದುರು ಇಳಿದರೆ ಮುಂಗಾಲಿಯ ಮೇಲೆ ದೋಷ ಹೊರಿಸಬೇಕಾಗಿಲ್ಲ.

ಎರಡನೆಯದು ಕುಪ್ಪಳಿಕೆ. ಗಾಲಿಯ ಸುತ್ತಿಗೊಮ್ಮೆ ಬರುವ ಏಟು ಇದು. ಸಾಮಾನ್ಯವಾದ ಗಾಲಿಯ ಸುತ್ತಳತೆ ಎರಡು ಮೀಟರಿಗೆ ಹತ್ತಿರ. ಗಂಟೆಗೆ 72 ಕಿಲೋಮೀಟರ್ ಓಡುವಾಗ ಅದು ಸೆಕೆಂಡಿಗೆ ಸುಮಾರು ಹತ್ತು ಸುತ್ತು ಸುತ್ತುತ್ತದೆ. ಟೈರಿನ ಒಂದೆಡೆ ಭಾರ ಹೆಚ್ಚಾಗಿದ್ದರೆ, ಇಲ್ಲವೆ ರಿಮ್ಮು ಬಾಗಿದ್ದರೆ, ಸೆಕೆಂಡಿಗೆ ಹತ್ತು ಏಟು ಬೀಳುತ್ತವೆ. ಒಂದೆಡೆಯ ಭಾರ ಕೊಡುವ ಏಟಿನ ಬಲವು ವೇಗ ಇಮ್ಮಡಿಯಾದರೆ ನಾಲ್ಮಡಿಯಾಗುತ್ತದೆ. ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ನಡೆದವರು ಬಲ್ಲರು: ಹೆಜ್ಜೆಯ ಲಯ ಸೇತುವೆಯ ಲಯಕ್ಕೆ ಕೂಡಿದಾಗ ಅದು ಹೆಚ್ಚು ತೂಗುತ್ತದೆ, ತಪ್ಪಿದಾಗ ಸುಮ್ಮನಾಗುತ್ತದೆ. ಹಾಗೆಯೇ ಕುಪ್ಪಳಿಕೆಯೂ ಒಂದು ನಿಶ್ಚಿತ ವೇಗದಲ್ಲಿ ಎದ್ದುಕಂಡು, ಅದನ್ನು ದಾಟಿದೊಡನೆ ತಗ್ಗುವುದುಂಟು.

ಮೂರನೆಯದು ಹೊಯ್ದಾಟ. ಹಿಡಿಕೆ ಮಾತ್ರ ತನ್ನ ಕಂಬದ ಸುತ್ತ ಎಡಬಲಕ್ಕೆ ಬಡಿದುಕೊಳ್ಳುವುದು ಇದರ ಲಕ್ಷಣ. ಸೆಕೆಂಡಿಗೆ 4ರಿಂದ 10 ಸಲ. ನಾಲ್ಕನೆಯದು ಓಲಾಟ. ಇಲ್ಲಿ ಗಾಡಿಯೆಲ್ಲ ಹಾವಿನಂತೆ ಹರಿಯುತ್ತದೆ. ಹಿಂಭಾಗ ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ; ಸೆಕೆಂಡಿಗೆ ಎರಡು ಮೂರು ಸಲವಷ್ಟೇ. ಇಂಗ್ಲಿಷಿನಲ್ಲಿ ಹೊಯ್ದಾಟಕ್ಕೆ 'ವಾಬಲ್', ಓಲಾಟಕ್ಕೆ 'ವೀವ್' ಎನ್ನುತ್ತಾರೆ. ಬ್ರಿಟನ್ನಿನ ಆರ್. ಎಸ್. ಶಾರ್ಪ್ ಎಂಬ ವಿದ್ವಾಂಸರು 1971ರ ತಮ್ಮ ಪ್ರಬಂಧದಲ್ಲಿ ಇವೆರಡನ್ನೂ ಗಣಿತದಿಂದ ಬೇರ್ಪಡಿಸಿ ತೋರಿಸಿದರು. ಟೈರಿನ ಪಕ್ಕದ ಹಿಡಿತವು ಗಾಲಿ ಹೊರಳಿದೊಡನೆ ಹುಟ್ಟದೆ ತುಸು ತಡವಾಗಿ ಹುಟ್ಟುತ್ತದೆ; ಆ ತಡವನ್ನು ಲೆಕ್ಕಕ್ಕೆ ಹಿಡಿಯದೆ ಹೊಯ್ದಾಟ ಅರ್ಥವಾಗದು ಎಂಬುದು ಅವರ ಪ್ರತಿಪಾದನೆಯ ತಿರುಳು.

ಇನ್ನು ಸಂಪ್ರಾಪ್ತಿ. ಹಿಡಿಕೆಯ ಕಂಬದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ತಾಣಕ್ಕಿಂತ ಮೂರು ನಾಲ್ಕು ಅಂಗುಲ ಮುಂದೆ ಬೀಳುತ್ತದೆ. ಆಸ್ಪತ್ರೆಯ ತಳ್ಳುಗಾಡಿಯ ಪುಟ್ಟ ಗಾಲಿಯಂತೆ ಮುಂಗಾಲಿಯು ಹಿಂದೆ ಎಳೆಸಿಕೊಂಡು ತಾನಾಗಿಯೇ ನೇರವಾಗುವುದು ಈ ರಚನೆಯಿಂದ. ಗಾಡಿಗೆ ಸ್ಥೈರ್ಯ ಕೊಡುವ ಗುಣವೇ ಇಲ್ಲಿ ನಡುಕದ ಬೀಜವೂ ಹೌದು. ನೇರಕ್ಕೆ ಮರಳುವ ಗಾಲಿ ಅಲ್ಲಿಯೇ ನಿಲ್ಲದೆ ತುಸು ಆಚೆ ಹೋಗುತ್ತದೆ, ಮತ್ತೆ ಮರಳುತ್ತದೆ. ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ನೂಕುವವರಿಲ್ಲದಿದ್ದರೆ ಅದು ತಾನಾಗಿ ನಿಲ್ಲುತ್ತದೆ. ಪ್ರತಿ ತೂಗಿಗೂ ಸಕಾಲದಲ್ಲಿ ಒಂದು ನೂಕು ದೊರೆತರೆ ಮರದ ಕೊಂಬೆ ಮುಟ್ಟುತ್ತದೆ. ಓಡುವ ಗಾಡಿಯಲ್ಲಿ ನೂಕುವುದು ವೇಗ. ತಡೆಯುವುದು ಟೈರು, ಗುಂಡುಗಳ ಬಟ್ಟಲು, ಸವಾರನ ಮೈಭಾರ. ತಡೆಯುವವರಲ್ಲಿ ಒಬ್ಬರು ಸೋತರೂ ತೂಗು ಬೆಳೆಯುತ್ತದೆ.

ಈ ಮೂರು ಊರುಗಳ ದಾರಿಗಳು ಗಾಡಿಗೆ ಮೂರು ಪ್ರಶ್ನೆಗಳನ್ನು ಕೇಳುತ್ತವೆ. ಜಲಪಾತದ ಕಡೆಯಿಂದ ಗೋಕಾಕಕ್ಕೆ ಬರುವ ತಿರುವುಗಳಲ್ಲಿ ವೇಗ ಕಡಿಮೆ. ಅಲ್ಲಿ ಹಿಡಿಕೆ ನಡುವಿನಲ್ಲಿ ಸಿಕ್ಕಿಕೊಂಡಂತೆ ತೋರಿದರೆ ಗುಂಡುಗಳು ಬಟ್ಟಲಿನಲ್ಲಿ ಕುಳಿ ಮಾಡಿವೆ ಎಂದು ತಿಳಿಯಬೇಕು. ಇದು ಪೂರ್ವರೂಪ. ಮೂಡಲಗಿ ಈಗ ತಾನೇ ಒಂದು ತಾಲೂಕು. ಮೊದಲು ಗೋಕಾಕ ತಾಲೂಕಿಗೆ ಸೇರಿತ್ತು. ಅದರ ಸೀಮೆಯ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದು. ಅದರ ಮೇಲಿನ ರಸ್ತೆಯೂ ಅಲೆಯಲೆಯಾಗುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಹೊಲದ ಮಣ್ಣನ್ನು ದಾರಿಗೆ ತಂದು ಚೆಲ್ಲುತ್ತವೆ. ಆ ಜಿಗುಟು ಮಣ್ಣು ರಿಮ್ಮಿನ ಒಳಮಗ್ಗುಲಿಗೆ ಒಂದೆಡೆ ಮೆತ್ತಿ ಒಣಗಿದರೆ ಅದೇ ಕುಪ್ಪಳಿಕೆಗೆ ಸಾಕು. ನೂರಾರು ರೂಪಾಯಿ ಖರ್ಚಿಗೆ ಮುನ್ನ ಒಂದು ಕೊಡ ನೀರು ಹೊಯ್ದು ನೋಡುವುದು ವಿವೇಕ. ಹುಕ್ಕೇರಿಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಆ ತಾಲೂಕಿನ ಸಂಕೇಶ್ವರದ ಬಳಿ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ನುಣುಪಾದ ದಾರಿ, ದೊಡ್ಡ ಲಾರಿಗಳು ಎಬ್ಬಿಸುವ ಗಾಳಿ, ಕೈಗೆ ಎಟುಕುವ ವೇಗ. ಊರ ದಾರಿಯಲ್ಲಿ ಮಲಗಿದ್ದ ರೋಗ ಇಲ್ಲಿ ಎದ್ದು ಕೂರುತ್ತದೆ.

ಎರಡು ಪ್ರಸಂಗಗಳನ್ನು ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂಡಲಗಿಯ ಕಡೆಯ ಹಳ್ಳಿಯಿಂದ ಗೋಕಾಕಕ್ಕೆ ಹಾಲು ತರುತ್ತಿದ್ದ. ಅರವತ್ತರ ವೇಗ ದಾಟಿದೊಡನೆ ಹಿಡಿಕೆ ಹೊಯ್ದಾಡುತ್ತಿತ್ತು. ಕೋನ್ ಸೆಟ್ಟನ್ನು ಎರಡು ಸಲ ಬದಲಿಸಿದ್ದಾಗಿತ್ತು. ನಾನು ಕೇಳಿದ್ದು ಒಂದೇ: "ಹೋಗುವಾಗಲೂ ಬರುವಾಗಲೂ ನಡುಗುತ್ತದೆಯೋ?" ಅವನು ತುಸು ಯೋಚಿಸಿ, "ಇಲ್ಲ ಸರ್, ಬರಿ ಕ್ಯಾನ್ ತಗೊಂಡು ಮನೀಗೆ ಹೋಗುವಾಗ ಏನೂ ಇಲ್ಲ" ಎಂದ. ರೋಗ ಅಲ್ಲಿಗೆ ಸಿಕ್ಕಿತು. ತುಂಬಿದ ಕ್ಯಾನುಗಳು ಹಿಂಗಾಲಿಯ ಅಚ್ಚಿಗಿಂತಲೂ ಹಿಂದೆ ನೇತಾಡುತ್ತಿದ್ದವು. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏಳುವಂತೆ ಮುಂಗಾಲಿಯ ಮೇಲಿನ ಭಾರ ಇಳಿದಿತ್ತು. ಕ್ಯಾನುಗಳನ್ನು ಮುಂದಕ್ಕೂ ಕೆಳಕ್ಕೂ ತಂದು ಬಿಗಿಯಾಗಿ ಕಟ್ಟಿ, ಭಾರವನ್ನು ಕಡಿಮೆ ಮಾಡಿ, ವೇಗವನ್ನು ಐವತ್ತಕ್ಕೆ ಇಳಿಸಿದ ಮೇಲೆ ನಡುಕ ಮರಳಲಿಲ್ಲ. ಇದೇ ಉಪಶಯ. ಆದರೆ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಕೂಡಿಯೇ ಬದಲಿಸಿದರೆ ಯಾವುದು ಔಷಧವಾಯಿತೆಂದು ತಿಳಿಯದು.

ಇನ್ನೊಂದು ನನ್ನದೇ ಗಾಡಿಯದು. ಹೆದ್ದಾರಿಯಲ್ಲಿ ಎಂಬತ್ತನ್ನು ಮುಟ್ಟಿದಾಗ ಹಿಡಿಕೆ ತೂಗುತ್ತಿತ್ತು. ಆದರೆ ಆ ತೂಗು ಮೆಲ್ಲನೆಯದು, ಅದರೊಡನೆ ಆಸನವೂ ತೂಗುತ್ತಿತ್ತು. ಅದು ಹೊಯ್ದಾಟವಲ್ಲ, ಓಲಾಟ. ನಡುನಿಲುಗಡೆಯ ಮೇಲೆ ಗಾಡಿ ನಿಲ್ಲಿಸಿ ಹಿಂಗಾಲಿಯನ್ನು ಪಕ್ಕಕ್ಕೆ ಎಳೆದರೆ ಅದನ್ನು ಹಿಡಿದ ಕವಲು, ಗ್ಯಾರೇಜಿನವರ 'ಚಿಮಟಾ', ಅಚ್ಚಿನಲ್ಲಿ ಕದಲುತ್ತಿತ್ತು. ಅಲ್ಲಿಯ ಬುಶ್ಶು ಸವೆದಿತ್ತು. ಹಿಂದಿನ ಟೈರು ನಡುವೆ ಚಪ್ಪಟೆಯಾಗಿತ್ತು. ನಡುಗಿದ್ದು ತಲೆ, ನೋವಿದ್ದದ್ದು ಸೊಂಟದಲ್ಲಿ. ಅಲುಗುವ ಅಂಗವೇ ದೋಷದ ಅಂಗವಲ್ಲ ಎಂಬ ಮಾತನ್ನು ಸವಾರರೆಲ್ಲ ಮನದಟ್ಟು ಮಾಡಿಕೊಳ್ಳಬೇಕು.

ಅಂಗಳದ ಪರೀಕ್ಷೆಗೆ ಒಂದು ಕ್ರಮವಿದೆ. ಬೆಳಗಿನ ತಂಪಿನಲ್ಲಿ ಎರಡು ಟೈರುಗಳ ಗಾಳಿಯನ್ನೂ ಅಳೆಯಬೇಕು. ಓಡಿ ಕಾದ ಟೈರಿನ ಅಳತೆ ನಿಜ ಹೇಳದು. ಟೈರಿನ ಅಂಚಿನಲ್ಲಿರುವ ಗೆರೆ ರಿಮ್ಮಿನ ಸುತ್ತ ಒಂದೇ ದೂರದಲ್ಲಿದೆಯೇ ಎಂದು ನೋಡಬೇಕು. ಪಂಕ್ಚರು ತಿದ್ದಿದ ಮೇಲೆ ಅಥವಾ ಹೊಸ ಟೈರು ಹಾಕಿದ ಮೇಲೆ ಹುಟ್ಟಿದ ನಡುಕಕ್ಕೆ ಎಷ್ಟೋ ಸಲ ಕಾರಣ ಅಲ್ಲಿರುತ್ತದೆ. ಗಾಡಿಯನ್ನು ನಡುನಿಲುಗಡೆಗೆ ಏರಿಸಿ, ಇನ್ನೊಬ್ಬರು ಹಿಂದೆ ಒತ್ತಿ ಹಿಡಿದಾಗ, ಮುಂಗಾಲಿಯನ್ನು ತಿರುಗಿಸಿ ಒಂದು ಕಡ್ಡಿಯನ್ನು ರಿಮ್ಮಿನ ಹತ್ತಿರ ಅಲುಗದಂತೆ ಹಿಡಿದರೆ ಡೊಂಕು ಕಣ್ಣಿಗೆ ಬೀಳುತ್ತದೆ. ಗಾಲಿಯನ್ನೇ ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಅದು ಅಚ್ಚಿನ ಮೇಲೆ ಕದಲಿದರೆ ಗಾಲಿಯ ಬೇರಿಂಗು ಸಡಿಲ. ಫೋರ್ಕಿನ ಎರಡು ಕಾಲುಗಳ ತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಮೇಲೆ ಕಟಕ್ಕೆಂದರೆ ಕೋನ್ ಸೆಟ್ಟು ಸಡಿಲ. ಹಿಡಿಕೆಯನ್ನು ಮೆಲ್ಲನೆ ತಿರುಗಿಸಿದಾಗ ನಡುವೆ ತಡೆದರೆ ಅದು ಸವೆದಿದೆ. ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಿಸಲೇಬೇಕು. ಅತಿ ಬಿಗಿಯೂ ಸಲ್ಲದು. ಆಗ ನಿಧಾನದ ಓಟದಲ್ಲಿಯೇ ಗಾಡಿ ಅತ್ತಿತ್ತ ಅಲೆಯುತ್ತದೆ. ಬಿದ್ದ ಗಾಡಿಯಾದರೆ ಫೋರ್ಕು ತಿರುಚಿದೆಯೇ, ಎರಡು ಗಾಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಬೇಕು.

ದಾರಿಯಲ್ಲಿಯೇ ಹೊಯ್ದಾಟ ಹಿಡಿದುಕೊಂಡರೆ ಏನು ಮಾಡಬೇಕು? ಬ್ರೇಕನ್ನು ತಟ್ಟನೆ ಒತ್ತಬಾರದು. ಒತ್ತಿದರೆ ಭಾರವೆಲ್ಲ ಮುಂಗಾಲಿಗೆ ಬಂದು ನಡುಕ ಕೆರಳುವುದುಂಟು. ತೋಳುಗಳನ್ನು ಕಬ್ಬಿಣದಂತೆ ಬಿಗಿಯಬಾರದು. ಮೊಣಕಾಲುಗಳಿಂದ ಟ್ಯಾಂಕನ್ನು ಅವಚಿ, ಮೈಯನ್ನು ಮುಂದಕ್ಕೆ ಬಾಗಿಸಿ, ಹಿಡಿಕೆಯನ್ನು ಮೃದುವಾಗಿ ಹಿಡಿದು, ಎಕ್ಸಿಲರೇಟರನ್ನು ಮೆಲ್ಲಮೆಲ್ಲನೆ ಇಳಿಸಬೇಕು. ಗಾಡಿ ನಿಂತ ಮೇಲೆ, ನಿಜವಾಗಿಯೂ ನಡುಗಿತೇ ಎಂದು ನೋಡಲು ಅದೇ ವೇಗದಲ್ಲಿ ಇನ್ನೊಮ್ಮೆ ಓಡಿಸುವ ಸಾಹಸ ಬೇಡ. ಇಳಿಯುವ ವೇಗದಲ್ಲಿ ಕೈಬಿಟ್ಟು ನೋಡುವ ಹುಡುಗಾಟವೂ ಬೇಡ.

ಹಿಡಿಕೆಗೆ ನಡುಕ ತಡೆಯುವ ಉಪಕರಣವನ್ನು ಕೂಡಿಸುವುದುಂಟು. ಅದು ಕೆಲವು ಗಾಡಿಗಳಿಗೆ ತಯಾರಕರೇ ಕೊಟ್ಟದ್ದು, ಅಲ್ಲಿ ಅದು ಉಚಿತ. ಸವೆದ ಬುಶ್ಶನ್ನೂ ಗಾಳಿ ಇಳಿದ ಟೈರನ್ನೂ ಹಾಗೆಯೇ ಬಿಟ್ಟು ಅದನ್ನು ಜೋಡಿಸುವುದು ಮಾತ್ರ ಜ್ವರದ ಮೂಲವನ್ನರಿಯದೆ ಹಣೆಗೆ ಒದ್ದೆಬಟ್ಟೆ ಹಾಕಿದಂತೆ.

ಗ್ಯಾರೇಜಿಗೆ ಹೋಗುವ ಮುನ್ನ ಸವಾರನು ಐದು ಮಾತುಗಳನ್ನು ಬರೆದುಕೊಂಡು ಹೋಗಲಿ: ಯಾವ ವೇಗದಲ್ಲಿ, ವೇಗ ಏರುವಾಗಲೋ ಇಳಿಯುವಾಗಲೋ, ಒಬ್ಬನಿದ್ದಾಗಲೋ ಹೊರೆಯಿದ್ದಾಗಲೋ, ಹಿಡಿಕೆ ಮಾತ್ರವೋ ಗಾಡಿಯೆಲ್ಲವೋ, ಯಾವ ರಿಪೇರಿಯ ಮೇಲೆ ಶುರುವಾಯಿತು. ಅದುರು, ಕುಪ್ಪಳಿಕೆ, ಹೊಯ್ದಾಟ, ಓಲಾಟ ಎಂಬ ನಾಲ್ಕು ಮಾತುಗಳನ್ನು ಬೇರೆ ಬೇರೆಯಾಗಿ ಬಳಸಬಲ್ಲವನಿಗೆ ಮಿಸ್ತ್ರಿಯ ಅರ್ಧ ದುಡಿಮೆ ಉಳಿಯುತ್ತದೆ. ಮಾತು ಸಡಿಲವಾದಲ್ಲಿ ನಟ್ಟನ್ನು ಎಷ್ಟು ಬಿಗಿದರೂ ವ್ಯರ್ಥ.