ಕಿರಿದು ಮಾಡೋಣ, ಕತ್ತರಿಸುವುದು ಬೇಡ

(ಸಂಘದ ವಾರ್ಷಿಕ ಸಭೆಯಲ್ಲಿ, ನಮ್ಮ ಪತ್ರಿಕೆಯ ಜಾಲತಾಣದ ಚಿತ್ರಗಳನ್ನು ಕುರಿತು ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸುಗಳ ಮಾತು ಬಿಟ್ಟು ಇವನು ಚಿತ್ರಗಳ ಅಳತೆಯ ಮಾತು ಎತ್ತಿದನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಆದರೆ ನಮ್ಮ ಪತ್ರಿಕೆಯನ್ನು ಈಗ ಬಹಳ ಮಂದಿ ಓದುವುದು ಫೋನಿನಲ್ಲಿ. ಫೋನಿನಲ್ಲಿ ತೆರೆಯದ ಪತ್ರಿಕೆಯೂ ಹಂಚದೆ ಮೂಲೆಯಲ್ಲಿ ಕಟ್ಟಿಟ್ಟ ಪತ್ರಿಕೆಯೂ ಒಂದೇ. ಅದು ಯಾರಿಗೆ ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ ಎಂಬುದು ಸಂಘದ ಪ್ರಶ್ನೆಯೇ ಆಗಿದೆ.

ಮೊದಲು ಲೆಕ್ಕ ನೋಡೋಣ. ಇಂದಿನ ಸಾಧಾರಣ ಫೋನಿನಲ್ಲಿ ತೆಗೆದ ಫೋಟೋ 4000 ಚುಕ್ಕೆ ಅಗಲ, 3000 ಚುಕ್ಕೆ ಎತ್ತರ ಇರುವುದು ಸಾಮಾನ್ಯ. ಗುಣಿಸಿದರೆ 1 ಕೋಟಿ 20 ಲಕ್ಷ ಚುಕ್ಕೆ. ತೂಕ 3ರಿಂದ 4 ಎಂಬಿ. ಅದನ್ನು ನೋಡುವ ಅಗ್ಗದ ಫೋನಿನ ಪರದೆ 720 ಚುಕ್ಕೆ ಅಗಲ ಎಂದು ಹಿಡಿಯಿರಿ. ಆ ಅಗಲಕ್ಕೆ ಇದೇ ಫೋಟೋದ ಎತ್ತರ 540. ಒಟ್ಟು 3,88,800 ಚುಕ್ಕೆ. ಅಂದರೆ ನಾವು ಕಳುಹಿಸಿದ 31 ಚುಕ್ಕೆಗಳಲ್ಲಿ ಸುಮಾರು 30 ದಂಡ. ಒಂದು ಇಡ್ಲಿ ತಿನ್ನುವವನಿಗೆ 31 ಇಡ್ಲಿ ಪಾರ್ಸೆಲ್ ಕಟ್ಟಿ, ಅಷ್ಟಕ್ಕೂ ಹಣ ತೆಗೆದುಕೊಂಡು, ಉಳಿದದ್ದನ್ನು ಮೋರಿಗೆ ಚೆಲ್ಲಿದ ಹಾಗಾಯಿತು.

ಹಣ ಕೊಡುವವನು ಯಾರು? ಓದುವವನು. ಹತ್ತು ಫೋಟೋಗಳಿರುವ ಒಂದು ಪುಟ ತೆರೆದರೆ 30ರಿಂದ 40 ಎಂಬಿ ಹೋಯಿತು. ತಿಂಗಳಿಗೆಂದು 2 ಜಿಬಿ ಹಾಕಿಸಿಕೊಂಡ ಮಾಣಿಯೊಬ್ಬ ಇಂಥ 50-60 ಪುಟ ನೋಡುವಷ್ಟರಲ್ಲಿ ಅವನ ಡಾಟಾ ಖಾಲಿ. ಊರಿನಲ್ಲಿರುವ ತಾಯಿಯ ಮುಖ ನೋಡಿ ಮಾತಾಡಲು ಉಳಿಯಲಿಲ್ಲ. ಫೋಟೋ ಬಿಚ್ಚಿಕೊಳ್ಳುವಾಗ ಒಂದು ಚುಕ್ಕೆಗೆ 4 ಬೈಟಿನಂತೆ ಫೋನಿನೊಳಗೆ 48 ಎಂಬಿ ಜಾಗ ಬೇಕಾಗುತ್ತದೆ. ಹಳೆಯ ಫೋನು ಅಲ್ಲಿಗೇ ಏದುಸಿರು ಬಿಡುತ್ತದೆ. ಇನ್ನು ನೆಲಮಾಳಿಗೆಯ ಭಟ್ಟಿಯ ಬಳಿ, ವಿರಾರದ ಕಿಕ್ಕಿರಿದ ಲೋಕಲಿನಲ್ಲಿ ಸಿಗ್ನಲ್ ಸಿಕ್ಕುವುದೇ ಎಳೆಯೆಳೆಯಾಗಿ. ಚಿತ್ರ ಅರ್ಧ ಇಳಿಯುವ ಹೊತ್ತಿಗೆ ನಿಲ್ದಾಣ ಬಂದಿರುತ್ತದೆ.

ಹಾಗಾದರೆ ಎಲ್ಲ ಚಿತ್ರಗಳನ್ನೂ ಚಿಕ್ಕದಾಗಿಯೇ ಹಾಕಿಬಿಡಿ ಎಂದು ಹೇಳುವವರಿದ್ದಾರೆ. ಅದೂ ಸರಿಯಲ್ಲ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರವನ್ನು ನೆನೆಯಿರಿ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಅನೇಕರು ಮರಳಿ ಸಾಂಚೆಯ ಮುಂದೆ ನಿಲ್ಲಲೇ ಇಲ್ಲ. ಪರೇಲ್, ಲಾಲ್‌ಬಾಗಿನ ಗಿರಣಿ ಜಾಗಗಳಲ್ಲಿ ಇಂದು ಗಾಜಿನ ಕಟ್ಟಡಗಳಿವೆ. ಆ ದಿನಗಳ ಫೋಟೋಗಳು ಹಿರಿಯರ ಪೆಟ್ಟಿಗೆಗಳಲ್ಲಿ ಉಳಿದಿವೆ. 6 ಇಂಚು ಅಗಲ, 4 ಇಂಚು ಎತ್ತರದ ಇಂಥ ಫೋಟೋವನ್ನು ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 3600 ಚುಕ್ಕೆ ಅಗಲ ಸಿಗುತ್ತದೆ. ಮೊಮ್ಮಗ ಅದನ್ನು ದೊಡ್ಡ ಪರದೆಯಲ್ಲಿ ಹಿಗ್ಗಿಸಿ, ಮೂರನೆಯ ಸಾಲಿನಲ್ಲಿ ತನ್ನ ಅಜ್ಜನನ್ನು ಹುಡುಕಬೇಕು. ಚಿಕ್ಕ ಪ್ರತಿಯಲ್ಲಿ ಅಜ್ಜ ಬರೀ ಒಂದು ಮಚ್ಚೆ. ಆದುದರಿಂದ ಚಿಕ್ಕದೂ ಬೇಕು, ದೊಡ್ಡದೂ ಬೇಕು. ಅವರವರ ಪರದೆಗೆ ತಕ್ಕದ್ದು ಅವರವರಿಗೆ ಸಿಗಬೇಕು.

ಇದಕ್ಕೆ ದಾರಿ ಇದೆ. ಅದಕ್ಕೆ ಮೊದಲು ನಮ್ಮ ಜಾಲತಾಣ ಯಾವ ಬಗೆಯದು ಎಂದು ತಿಳಿಯಬೇಕು. ಜಾಲತಾಣಗಳಲ್ಲಿ ಎರಡು ಬಗೆ. ಒಂದು ದೋಸೆಯ ಬಗೆ: ಗಿರಾಕಿ ಕೇಳಿದ ಮೇಲೆ ಕಾವಲಿಗೆ ಹುಯ್ಯುವುದು. ಇನ್ನೊಂದು ಇಡ್ಲಿಯ ಬಗೆ: ಮುಂಜಾನೆಯೇ ಬೇಯಿಸಿಟ್ಟು ಬಂದವರಿಗೆ ಬಡಿಸುವುದು. ಎರಡನೆಯದಕ್ಕೆ ಸ್ಟ್ಯಾಟಿಕ್ ಜಾಲತಾಣ ಎನ್ನುತ್ತಾರೆ. ನಮ್ಮದು ಆ ಜಾತಿಯದು. ಪುಟಗಳನ್ನೆಲ್ಲ ಮೊದಲೇ ಕಟ್ಟಿಡುವ ಉಪಕರಣಗಳು ಬಿಟ್ಟಿಯಾಗಿ ಸಿಗುತ್ತವೆ: 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೋ, ಆಮೇಲೆ ಬಂದ ಇಲೆವೆಂಟಿ. ಬಾಡಿಗೆ ಕಡಿಮೆ, ಕೆಡುವುದು ಕಡಿಮೆ. ವರ್ಗಣಿಯಿಂದ ನಡೆಯುವ ಸಂಘಕ್ಕೆ ಇದು ತಕ್ಕದ್ದು.

ಆದರೆ ಒಂದು ತೊಡಕಿದೆ. ಗಿರಾಕಿ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರುವುದಿಲ್ಲ. ಅವನ ಪರದೆಯ ಅಗಲ ನೋಡಿ ಆಗಲೇ ಚಿತ್ರವನ್ನು ಅಳತೆಗೆ ಮಾಡಿ ಕೊಡುವವರಿಲ್ಲ. ಆ ಕೆಲಸ ಮಾಡಿಕೊಡುವ ಕಂಪನಿಗಳುಂಟು. ಚಿತ್ರಗಳೂ ಓದುವವರೂ ಹೆಚ್ಚಿದಂತೆ ಅವರ ಬಿಲ್ಲೂ ಹೆಚ್ಚುತ್ತದೆ. ಆದುದರಿಂದ ಪುಟ ಕಟ್ಟುವಾಗಲೇ ಒಂದೊಂದು ಚಿತ್ರಕ್ಕೂ ನಾಲ್ಕು ಅಗಲಗಳ ಪ್ರತಿ ಮಾಡಿಡತಕ್ಕದ್ದು: 480, 800, 1200, 1600. ಗಿರಣಿಯಲ್ಲಿ ಬೇರೆ ಬೇರೆ ಪನ್ನದ ಬಟ್ಟೆ ನೇಯ್ದು ಥಾನು ಕಟ್ಟಿಡುತ್ತಿದ್ದರಲ್ಲ, ಹಾಗೆ.

ಈ ಸೌಕರ್ಯ ಹೇಗೆ ಬಂತೆಂಬುದು ನಮ್ಮಂಥವರು ಕೇಳಬೇಕಾದ ಕಥೆ. 2010ರಲ್ಲಿ ಈಥನ್ ಮಾರ್ಕಾಟ್ ಎಂಬವರು, ಒಂದೇ ಪುಟ ಎಲ್ಲ ಅಗಲದ ಪರದೆಗೂ ಹೊಂದಿಕೊಳ್ಳುವಂತೆ ಕಟ್ಟುವ ಪದ್ಧತಿಗೆ ಹೆಸರು ಕೊಟ್ಟರು. ಪುಟವೇನೋ ಹೊಂದಿಕೊಂಡಿತು. ಚಿತ್ರ ಮಾತ್ರ ನೋಡಲು ಚಿಕ್ಕದಾಗಿ, ತೂಕದಲ್ಲಿ ಅಷ್ಟೇ ಉಳಿಯಿತು. ಆಗ ಜಾಲತಾಣ ಕಟ್ಟುವ ಕೆಲಸಗಾರರೇ 2012ರಲ್ಲಿ ಒಂದು ಗುಂಪಾಗಿ ಸೇರಿ, ಬ್ರೌಸರ್ ಮಾಡುವವರೊಡನೆ ವಾದಕ್ಕೆ ನಿಂತರು. 2014ರಲ್ಲಿ ವರ್ಗಣಿ ಎತ್ತಿ, ಯೋವ್ ವೈಸ್ ಎಂಬ ಕೆಲಸಗಾರನ ಖರ್ಚಿಗೆ ಕೊಟ್ಟು, ಕ್ರೋಮ್ ಬ್ರೌಸರಿನಲ್ಲಿ ಈ ಏರ್ಪಾಡು ಬರುವಂತೆ ಮಾಡಿದರು. ಅದೇ ವರ್ಷ ಅದು ಬಂದೂ ಬಂತು. ಒಗ್ಗಟ್ಟು ಎಲ್ಲಿಯೂ ಫಲ ಕೊಡುತ್ತದೆ.

ಏರ್ಪಾಡು ಸರಳ. ಪುಟದೊಳಗೆ ಚಿತ್ರದ ಜಾಗದಲ್ಲಿ ‘ಎಸ್‌ಆರ್‌ಸಿ-ಸೆಟ್’ ಎಂಬ ಪಟ್ಟಿ ಬರೆಯುತ್ತಾರೆ: ಈ ಚಿತ್ರದ ನಾಲ್ಕು ಪ್ರತಿಗಳಿವೆ, ಅಗಲ ಇಷ್ಟಿಷ್ಟು ಎಂದು. ಜತೆಗೆ ‘ಸೈಜಸ್’ ಎಂಬ ಇನ್ನೊಂದು ಮಾತು: ಚಿತ್ರವು ಪರದೆಯ ಎಷ್ಟು ಪಾಲು ಹಿಡಿಯುತ್ತದೆ ಎಂದು. ಬ್ರೌಸರ್ ಎರಡನ್ನೂ ನೋಡಿ ತನ್ನ ಪರದೆಗೆ ಸಾಕಾಗುವ ಒಂದು ಪ್ರತಿಯನ್ನು ಮಾತ್ರ ತರುತ್ತದೆ. ಎರಡನೆಯ ಮಾತನ್ನು ಬಿಡಬಾರದು. ಯಾಕೆಂದರೆ ಪುಟ ಪೂರ್ತಿ ಜೋಡಣೆಯಾಗುವ ಮೊದಲೇ ಬ್ರೌಸರ್ ಚಿತ್ರ ತರಲು ಓಡುತ್ತದೆ. ಹೇಳದಿದ್ದರೆ ಚಿತ್ರ ಪರದೆಯ ಪೂರ್ತಿ ಅಗಲಕ್ಕಿದೆ ಎಂದೇ ತಿಳಿದು ದೊಡ್ಡದನ್ನು ಹೊತ್ತು ತರುತ್ತದೆ. ಚಿತ್ರದ ಅಗಲ-ಎತ್ತರವನ್ನೂ ಪುಟದಲ್ಲಿ ಬರೆದಿಟ್ಟರೆ ಅದಕ್ಕೆ ಜಾಗ ಮೊದಲೇ ಕಾದಿರುತ್ತದೆ. ಓದುತ್ತಿದ್ದ ಸಾಲು ತಟ್ಟನೆ ಕೆಳಗೆ ಜಾರುವುದಿಲ್ಲ.

ಇದನ್ನೆಲ್ಲ ಕೈಯಿಂದ ಮಾಡಲು ಹೋಗಬಾರದು. ಹತ್ತು ಫೋಟೋ, ನಾಲ್ಕು ಅಗಲ: 40 ಪ್ರತಿ. ಹಗುರವಾದ ವೆಬ್‌ಪಿ ಎಂಬ ಬಗೆಯೊಂದು, ಅದು ತಿಳಿಯದ ಹಳೆಯ ಫೋನುಗಳಿಗೆ ಜೆಪೆಗ್ ಇನ್ನೊಂದು ಎಂದರೆ 80 ಪ್ರತಿ. ಹನ್ನೆರಡು ಗಂಟೆ ದುಡಿದು ಬಂದವನು ರಾತ್ರಿ ಕೂತು ಮಾಡುವ ಕೆಲಸವಲ್ಲ. ಹ್ಯೂಗೋ ಇದನ್ನು ತಾನೇ ಮಾಡುತ್ತದೆ; ಇಲೆವೆಂಟಿಗೆ ಒಂದು ಜೋಡಣೆ ಸೇರಿಸಿದರೆ ಅದೂ ಮಾಡುತ್ತದೆ. ಮಾಡಿದ ಪ್ರತಿಗಳನ್ನು ಉಳಿಸಿಟ್ಟುಕೊಂಡರೆ ಮುಂದಿನ ಸಲ ಹೊಸ ಚಿತ್ರಗಳನ್ನು ಮಾತ್ರ ಮಾಡಬೇಕಾಗುತ್ತದೆ. ಒಂದು ನಿಯಮ ಇಟ್ಟುಕೊಳ್ಳಿ: 600 ಅಗಲದ ಮೂಲದಿಂದ 1600 ಅಗಲದ ಪ್ರತಿ ಎಳೆಯಬಾರದು. ತೆಳು ಬಟ್ಟೆಯನ್ನು ಎಳೆದರೆ ಪನ್ನ ಹೆಚ್ಚುವುದಿಲ್ಲ, ಹರಿಯುತ್ತದೆ. ಮೂಲ ಪ್ರತಿಯನ್ನು ಎರಡು ಕಡೆ ಜೋಪಾನವಾಗಿ ಇಡಬೇಕು.

ಈಗ ನನ್ನ ಮುಖ್ಯ ಮಾತು. ಯಂತ್ರಕ್ಕೆ ಎರಡು ಕೆಲಸ ಬರುತ್ತದೆ: ಕಿರಿದು ಮಾಡುವುದು, ಕತ್ತರಿಸುವುದು. ಅಗಲವಾದ ಗುಂಪು ಚಿತ್ರವನ್ನು ಫೋನಿಗೆ ಚೌಕವಾಗಿ ಮಾಡೆಂದರೆ ಅದು ಸಾಮಾನ್ಯವಾಗಿ ನಡುವನ್ನು ಉಳಿಸಿ ಅಂಚುಗಳನ್ನು ಕತ್ತರಿಸುತ್ತದೆ. ನಮ್ಮ ಗುಂಪು ಚಿತ್ರಗಳಲ್ಲಿ ನಡುವೆ ಕುರ್ಚಿಯಲ್ಲಿ ಕೂತವರು ಯಾರು? ಅಧ್ಯಕ್ಷರು, ಅತಿಥಿಗಳು. ಅಂಚಿನಲ್ಲಿ ನಿಂತವರು ಯಾರು? ಕಪ್ಪುಬಸಿ ತೊಳೆಯುವ ಹುಡುಗ, ಟೇಬಲ್ ಒರೆಸುವವನು, ಗಿರಣಿಯ ಬದಲಿ ಕಾಮಗಾರ. ಯಂತ್ರಕ್ಕೆ ಯಾರ ಮೇಲೂ ದ್ವೇಷವಿಲ್ಲ. ಆದರೂ ಕತ್ತರಿ ಬೀಳುವುದು ಯಾವಾಗಲೂ ಅಂಚಿನವನ ಮೇಲೆಯೇ. ‘ಪಿಕ್ಚರ್’ ಎಂಬ ಇನ್ನೊಂದು ಏರ್ಪಾಡಿನಿಂದ ಚಿಕ್ಕ ಪರದೆಗೆ ಬೇರೆಯೇ ಕತ್ತರಿಸಿದ ಚಿತ್ರ ಕೊಡಬಹುದು, ನಿಜ. ಅದನ್ನು ಕಟ್ಟಡದ ಚಿತ್ರಕ್ಕೆ, ಸಮುದ್ರದ ಚಿತ್ರಕ್ಕೆ ಬಳಸಿರಿ. ಮನುಷ್ಯರ ಗುಂಪಿಗೆ ಬೇಡ. ಗುಂಪು ಕಿರಿದಾಗಿ ಕಂಡರೂ ಪೂರ್ತಿ ಕಾಣಲಿ; ಮುಟ್ಟಿದರೆ ದೊಡ್ಡ ಪ್ರತಿ ತೆರೆಯಲಿ.

ಇನ್ನೆರಡು ಎಚ್ಚರಿಕೆ. ಫೋನಿನ ಫೋಟೋದೊಳಗೆ ಅದನ್ನು ತೆಗೆದ ಸ್ಥಳ, ಹೊತ್ತು ಅಡಗಿರಬಹುದು. ಒಬ್ಬರ ಖೋಲಿಯಲ್ಲಿ ಸಭೆ ನಡೆಸಿದರೆ ಆ ಖೋಲಿಯ ಗುರುತು ಊರಿಗೆಲ್ಲ ಸಾರಿದಂತಾಗುತ್ತದೆ. ಪ್ರತಿ ಮಾಡುವಾಗ ಯಂತ್ರ ಅದನ್ನು ಅಳಿಸುವಂತೆ ನೋಡಿಕೊಳ್ಳಬೇಕು. ಫೋಟೋ ಯಾವ ಕಡೆಗೆ ನೆಟ್ಟಗೆ ಎಂಬ ಗುರುತೂ ಅಲ್ಲಿಯೇ ಇರುವುದರಿಂದ, ಮೊದಲು ನೆಟ್ಟಗೆ ತಿರುಗಿಸಿ ಆಮೇಲೆ ಅಳಿಸಬೇಕು. ಇಲ್ಲವಾದರೆ ನಿಂತವರು ಅಡ್ಡ ಮಲಗಿಬಿಡುತ್ತಾರೆ.

ಎರಡನೆಯದು, ಅಕ್ಷರವನ್ನು ಚಿತ್ರ ಮಾಡಬೇಡಿ. ಕನಿಷ್ಠ ಪಗಾರದ ಕೋಷ್ಟಕ, ಗಿರಣಿ ಕಾಮಗಾರರ ಮನೆಗಳ ಅರ್ಜಿಯ ಸೂಚನೆ, ಇವನ್ನು ಫೋಟೋ ಹೊಡೆದು ಹಾಕಿದರೆ ಎಷ್ಟು ಅಗಲದ ಪ್ರತಿ ಮಾಡಿದರೂ ಮುಪ್ಪಿನ ಕಣ್ಣಿಗೆ ಓದಲಾಗದು, ಹುಡುಕಿದರೆ ಸಿಗದು. ಕನ್ನಡ ಅಕ್ಷರದಲ್ಲಿಯೇ ಟೈಪು ಮಾಡಿ ಹಾಕಿ. ಪುಟವೂ ಹಗುರ. ಚಿತ್ರವೇ ಇರುವಲ್ಲಿ, ಅದರಲ್ಲಿ ಯಾರು, ಎಲ್ಲಿ ಎಂದು ಒಂದು ಸಾಲು ಕನ್ನಡದಲ್ಲಿ ಬರೆದಿಡಿ. ಚಿತ್ರ ಇಳಿಯದಿದ್ದರೂ ಆ ಸಾಲು ಕಾಣುತ್ತದೆ. ಕಣ್ಣು ಕಾಣದವರಿಗೆ ಫೋನು ಅದನ್ನು ಓದಿ ಹೇಳುತ್ತದೆ.

ಬಂಧುಗಳೇ, ಕಚೇರಿಯ ದೊಡ್ಡ ಪರದೆಯಲ್ಲಿ ಚೆಂದ ಕಂಡರೆ ಪುಟ ಸಿದ್ಧವಾಯಿತೆಂದು ತಿಳಿಯಬಾರದು. ಪ್ರತಿ ಸಂಚಿಕೆಯನ್ನೂ ನಮ್ಮ ಸದಸ್ಯರಲ್ಲಿ ಅತಿ ಹಳೆಯ ಫೋನು ಯಾರ ಬಳಿ ಇದೆಯೋ ಅವರ ಕೈಯಲ್ಲಿ ಮೊದಲು ತೆರೆಸಿ ನೋಡೋಣ. ಅವರು ಸರಿ ಎಂದ ಮೇಲೆಯೇ ಹೊರಡಲಿ. ಈ ಠರಾವನ್ನು ಸಭೆಯ ಮುಂದೆ ಇಡುತ್ತಿದ್ದೇನೆ. ತಾವೆಲ್ಲರೂ ಒಪ್ಪಿಗೆ ಕೊಡಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.