ಬಿಸಿಲಿನ ವಿದ್ಯುತ್ತು: ಇನ್ವರ್ಟರೂ ಬ್ಯಾಟರಿಯೂ



ತೋಟದ ಪಂಪಿಗೆ, ಮನೆಯ ದೀಪಕ್ಕೆ ಸೌರಫಲಕ ಹಾಕಿಸಬೇಕೆಂಬ ಮಾತು ಈಗ ಊರೂರಲ್ಲೂ ನಡೆದಿದೆ. ಮಾಡಿನ ಮೇಲಿನ ಫಲಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಗೋಡೆಗೆ ಹಾಕಿದ ಇನ್ವರ್ಟರನ್ನೂ, ಮೂಲೆಯಲ್ಲಿಟ್ಟ ಬ್ಯಾಟರಿಯನ್ನೂ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಇವೆರಡನ್ನು ಅಲಕ್ಷ್ಯ ಮಾಡಿದರೆ ಹಣವೂ ಪೋಲು, ಜೀವಕ್ಕೂ ಅಪಾಯ. ಆದ್ದರಿಂದ ಇಂದು ಇವುಗಳ ವಿಷಯವನ್ನೇ ತಿಳಿಯೋಣ.

ಇನ್ವರ್ಟರ್ ಎಂದರೇನು? ಫಲಕದಿಂದ ಬರುವ ವಿದ್ಯುತ್ತು ಟಾರ್ಚಿನ ಸೆಲ್ಲಿನದರಂತೆ ಒಂದೇ ದಿಕ್ಕಿಗೆ ಹರಿಯುವಂಥದು. ಇದು ಡಿ.ಸಿ. ಕಂಬದ ತಂತಿಯಲ್ಲಿ ಬರುವುದು ಎ.ಸಿ.; ಅದು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುತ್ತದೆ. ನಮ್ಮ ಫ್ಯಾನು, ಮಿಕ್ಸಿ, ಸಾಮಾನ್ಯ ಪಂಪುಗಳು ಎ.ಸಿ.ಯಲ್ಲಿ ನಡೆಯುವಂಥವು. ಡಿ.ಸಿ.ಯನ್ನು ಎ.ಸಿ. ಮಾಡಿಕೊಡುವುದೇ ಇನ್ವರ್ಟರಿನ ಕೆಲಸ. ಸೌರ ಇನ್ವರ್ಟರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೋಡ ಬಂದು ಹೋದಂತೆಲ್ಲ, ಫಲಕದಿಂದ ಆಗ ಸಿಗುವ ಹೆಚ್ಚಿನ ಶಕ್ತಿಯನ್ನು ಹುಡುಕಿ ಎಳೆದುಕೊಳ್ಳುತ್ತದೆ.

ಇಂಥ ಯಂತ್ರ ತಯಾರಿಸುವವರಲ್ಲಿ ಚೀನಾ ದೇಶದ ಸನ್‌ಗ್ರೋ ಸಂಸ್ಥೆ ಬಹಳ ದೊಡ್ಡದು. ಅನ್ಹುಯಿ ಪ್ರಾಂತದ ಹೆಫೆ ನಗರದಲ್ಲಿ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಚಾವ್ ರೆನ್‌ಶಿಯನ್ ಎಂಬವರು 1997ರಲ್ಲಿ ಇದನ್ನು ಆರಂಭಿಸಿದರು. ಅದೇ ಪ್ರಾಂತದ ಹುವಾಯ್‌ನಾನ್ ಎಂಬಲ್ಲಿ ಕಲ್ಲಿದ್ದಲು ತೆಗೆದು ನೆಲ ಕುಸಿದು ನೀರು ನಿಂತಿತ್ತು. ಉಳುಮೆಗೆ ಒದಗದ ಆ ನೀರಿನ ಮೇಲೆ 2017ರಲ್ಲಿ ಈ ಸಂಸ್ಥೆ 40 ಮೆಗಾವಾಟಿನ ತೇಲುವ ಫಲಕಗಳನ್ನು ಹರಡಿತು. 2018ರಲ್ಲಿ ನಮ್ಮ ಬೆಂಗಳೂರಿನಲ್ಲೇ ಇನ್ವರ್ಟರ್ ಕಾರ್ಖಾನೆ ತೆರೆಯಿತು. 2024ರಲ್ಲಿ ಸೌದಿ ಅರೇಬಿಯಕ್ಕೆ, ಒಂದು ಸಲ ತುಂಬಿದರೆ 78 ಲಕ್ಷ ಯೂನಿಟ್ ಹಿಡಿಯುವಷ್ಟು ಬ್ಯಾಟರಿ ಒದಗಿಸುವ ಒಪ್ಪಂದ ಮಾಡಿಕೊಂಡಿತು. ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡುವ ಏರ್ಪಾಡು ಇದು.

"ಹಾಗಾದ್ರೆ ನಮ್ಮ ಪಂಪಿಗೂ ಬ್ಯಾಟರಿ ಇಡೋಣವೇ?" ಅಂತ ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. 5 ಅಶ್ವಶಕ್ತಿಯ ಪಂಪು ರಾತ್ರಿ 4 ಗಂಟೆ ನಡೆಯಲು ಸುಮಾರು 15 ಯೂನಿಟ್ ಬೇಕು. ಮನೆಗಳಲ್ಲಿ ಇಡುವ 12 ವೋಲ್ಟಿನ, 150 ಆಂಪಿಯರ್-ಅವರಿನ ಸೀಸದ ಬ್ಯಾಟರಿ ಹಿಡಿಯುವುದು 1.8 ಯೂನಿಟ್ ಮಾತ್ರ. ಅದು ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಂದರೆ ಸಿಗುವುದು 0.9 ಯೂನಿಟ್. ಒಂದು ಪಂಪಿಗೆ ಇಂಥ 17 ಬ್ಯಾಟರಿ ಬೇಕಾಯಿತು! ಸಾಲ ಮಾಡಿ ಇಷ್ಟು ಬ್ಯಾಟರಿ ತರುವುದಕ್ಕಿಂತ, ಹಗಲು ಪಂಪು ನಡೆಸಿ ತೊಟ್ಟಿಯಲ್ಲೋ ಕೃಷಿಹೊಂಡದಲ್ಲೋ ನೀರನ್ನೇ ಕೂಡಿಡಿ. ರೈತನಿಗೆ ತುಂಬಿದ ತೊಟ್ಟಿಯೇ ಅಗ್ಗದ ಬ್ಯಾಟರಿ.

ಮನೆಯ ದೀಪಕ್ಕೆ, ಮಕ್ಕಳ ಓದಿಗೆ ಬ್ಯಾಟರಿ ಬೇಕೇ ಬೇಕು. ಇದರಲ್ಲಿ ಎರಡು ಬಗೆ ಉಂಟು. ಸೀಸ-ಆಮ್ಲದ್ದು ಅಗ್ಗ. ನೀರು ತುಂಬುವ ಮಾದರಿಯಾದರೆ ಆಗಾಗ ಭಟ್ಟಿ ಇಳಿಸಿದ ನೀರು ಹಾಕಬೇಕು. ಬಾವಿಯ ನೀರು ಬೇಡ, ಅದರ ಉಪ್ಪಿನಂಶ ಬ್ಯಾಟರಿಯನ್ನು ಕೆಡಿಸುತ್ತದೆ. ಚಾರ್ಜಾಗುವಾಗ ಹೊತ್ತಿಕೊಳ್ಳುವ ಅನಿಲ ಹೊರಡುವುದರಿಂದ ಹತ್ತಿರ ಬೀಡಿ, ದೀಪ ಕೂಡದು. ಇನ್ನೊಂದು ಲಿಥಿಯಂ ಬ್ಯಾಟರಿ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಇದಕ್ಕೆ ನೀರು ಹಾಕುವಂತಿಲ್ಲ, ಬಿಚ್ಚುವಂತಿಲ್ಲ, ಸೀಸದ ಬ್ಯಾಟರಿಯ ಚಾರ್ಜರನ್ನು ಜೋಡಿಸುವಂತಿಲ್ಲ. ಎರಡಕ್ಕೂ ಸೆಕೆಯೇ ಶತ್ರು. ನೆರಳು, ಗಾಳಿ ಇರುವ ಕಡೆ ಇಡಿ. ಹುಲ್ಲಿನ ಬಣವೆಯ ಪಕ್ಕ, ಗೊಬ್ಬರದ ಮೂಟೆಗಳ ನಡುವೆ ಇಡಬೇಡಿ.

ಈಗ ಮುಖ್ಯವಾದ ಮಾತು. ಇನ್ವರ್ಟರ್ ಆರಿಸಿದರೂ, ಬಿಸಿಲು ಇರುವ ತನಕ ಫಲಕದ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಇಲಿ ಕಡಿದ ತಂತಿಯನ್ನು ನೀವಾಗಿಯೇ ಮುಟ್ಟಬೇಡಿ. ಕಂಬದ ಲೈನಿಗೆ ಸೇರಿಸುವ ಇನ್ವರ್ಟರು, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. "ಕರೆಂಟು ಹೋದಾಗ ಇದೂ ನಿಲ್ಲೋದಾದ್ರೆ ಏನು ಪ್ರಯೋಜನ?" ಎಂದು ಬೇಸರಪಡಬೇಡಿ. ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್ನನ ಜೀವ ಉಳಿಸಲೆಂದೇ ಆ ಏರ್ಪಾಡು. ಅದನ್ನು ತಪ್ಪಿಸಿ, ಮನೆಯ ಬ್ಯಾಟರಿ ಇನ್ವರ್ಟರನ್ನು ನೇರವಾಗಿ ಲೈನಿಗೆ ಸಿಕ್ಕಿಸಿದರೆ ನಿಮ್ಮ ಮನೆಯ ಕರೆಂಟು ಕಂಬಕ್ಕೆ ಹತ್ತುತ್ತದೆ. ಅವನೂ ಯಾರದೋ ಮನೆಯ ಮಗ ಎಂಬುದನ್ನು ಮರೆಯಬಾರದು. ಜೋಡಣೆಯನ್ನು ಲೈಸೆನ್ಸ್ ಪಡೆದವರಿಂದಲೇ ಮಾಡಿಸಿ. ಅರ್ಥಿಂಗನ್ನೂ ಮರೆಯದೆ ಹಾಕಿಸಿ.

ಕೊಳ್ಳುವಾಗ ಕಂಪನಿ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಮೂರು ಸಂಗತಿ ಕೇಳಿ. ಗ್ಯಾರಂಟಿ ಎಷ್ಟು ವರ್ಷ? ಕೆಟ್ಟರೆ ರಿಪೇರಿಗೆ ಯಾವ ಊರಿನಿಂದ ಬರುತ್ತಾರೆ? ಪೆಟ್ಟಿಗೆಯ ಮೇಲಿನ ನಂಬರೂ ರಸೀದಿಯ ನಂಬರೂ ಒಂದೇ ಇದೆಯೇ? ಉತ್ತರಗಳನ್ನು ಕಾಗದದ ಮೇಲೆ ಬರೆಸಿಕೊಂಡು ಜೋಪಾನ ಮಾಡಿ. ಬಾಯಿಮಾತಿನ ಗ್ಯಾರಂಟಿ ಗಾಳಿಗೆ ತೂರಿದ ಹೊಟ್ಟಿನಂತೆ. ಸಹಾಯಧನದ ಸದ್ಯದ ನಿಯಮಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಆಮೇಲೆ ಮುಂಗಡ ಕೊಡಿ.

ಬಿಸಿಲು ಎಲ್ಲರಿಗೂ ಪುಕ್ಕಟೆ. ಅದನ್ನು ಹಿಡಿಯುವ ಯಂತ್ರ ಪುಕ್ಕಟೆಯಲ್ಲ. ಲೆಕ್ಕ ಹಾಕಿ ಕೊಳ್ಳಿರಿ, ಎಚ್ಚರದಿಂದ ಬಳಸಿರಿ.