ನೆಗಡಿ ಎದೆಗೆ ಇಳಿದಾಗ ಒಳಗೆ ಏನಾಗುತ್ತೆ?

ಕೊಡಗಿನಲ್ಲಿ ಈಗ ಕಕ್ಕಡದ ಮಳೆ. ಆಸ್ತಮಾ ಇರೋರ ಮನೆಗಳಲ್ಲಿ ಒಂದೇ ಮಾತು: "ಮಳೆಯಲ್ಲಿ ನೆಂದೆ, ಅದಕ್ಕೇ ಉಬ್ಬಸ ಬಂತು."

ಥಂಡಿ ಗಾಳಿ, ಗೋಡೆಯ ಬೂಷ್ಟು ಕೂಡ ಕಾರಣ ಆಗಬಹುದು, ನಿಜ. ಆದ್ರೆ ಮಕ್ಕಳಿಗೆ ಆಸ್ತಮಾ ದಿಢೀರ್ ಜೋರಾದಾಗ ಹೆಚ್ಚಿನ ಸಲ ಹಿಂದೆ ಇರೋದು ವೈರಸ್. ಅದರಲ್ಲೂ ಮಾಮೂಲಿ ನೆಗಡಿ ತರೋ ರೈನೋವೈರಸ್. ಮಳೆಗೆ ಕಿಟಕಿ ಮುಚ್ಚಿಕೊಂಡು ಒಂದೇ ಕ್ಲಾಸಲ್ಲಿ, ಒಂದೇ ಬಸ್ಸಲ್ಲಿ ಕೂರ್ತೀವಲ್ಲ, ಅದಕ್ಕೆ ಅಷ್ಟೇ ಸಾಕು.

ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಓದಿ ತಿಳ್ಕೊಂಡಿದ್ದನ್ನ ಸರಳವಾಗಿ ಹೇಳ್ತೀನಿ.

ಶ್ವಾಸನಾಳದ ಒಳಗೋಡೆಯಲ್ಲಿ ಜೀವಕೋಶಗಳ ಒಂದು ಪದರ ಇದೆ. ವೈರಸ್ ನುಗ್ಗಿದ ಕೋಶ ಇಂಟರ್‌ಫೆರಾನ್ ಬಿಡುತ್ತೆ. ಅಂದ್ರೆ ಅಕ್ಕಪಕ್ಕದ ಕೋಶಗಳಿಗೆ 'ಹುಷಾರು' ಅನ್ನೋ ಸಂದೇಶ. ಆಸ್ತಮಾ ಇರೋ ಹಲವರಲ್ಲಿ ಈ ಸಂದೇಶ ಕಮ್ಮಿ ಅಥವಾ ತಡ. ಅಷ್ಟರಲ್ಲಿ ವೈರಸ್ ಹೆಚ್ಚಿಕೊಳ್ಳುತ್ತೆ.

ಪೆಟ್ಟು ತಿಂದ ಕೋಶಗಳು ಐಎಲ್-33, ಟಿಎಸ್‌ಎಲ್‌ಪಿ ಅನ್ನೋ ಅಲಾರಂ ಹೊಡೀತವೆ. ಆಗ ರೋಗನಿರೋಧಕ ಕೋಶಗಳು ಐಎಲ್-5, ಐಎಲ್-13 ಬಿಡ್ತವೆ. ಮೊದಲನೆಯದರಿಂದ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣಗಳು ಹೆಚ್ಚುತ್ತವೆ, ಎರಡನೆಯದರಿಂದ ಕಫ. ಒಳಗೋಡೆ ಊದುತ್ತೆ, ಸುತ್ತಲಿನ ಸ್ನಾಯು ಬಿಗಿಯುತ್ತೆ. ಸುಂಯ್ ಅನ್ನೋ ಸದ್ದು ಅಲ್ಲಿಂದ.

ಈಗ ಇನ್‌ಹೇಲರ್. ನೀಲಿ ಬಣ್ಣದ್ದರಲ್ಲಿ ಸಾಮಾನ್ಯವಾಗಿ ಇರೋದು ಸಾಲ್ಬುಟಮಾಲ್. ಅದು ಸ್ನಾಯು ಸಡಿಲಿಸುತ್ತೆ, ಊತಕ್ಕೆ ಮದ್ದಲ್ಲ. ಊತ ತಗ್ಗಿಸೋದು ಸ್ಟೀರಾಯ್ಡ್ ಇರೋ ಇನ್‌ಹೇಲರ್. ಅದಕ್ಕೇ 2019ರಲ್ಲಿ ಆಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ ಕೊಡೋ 'ಜೀನಾ', ದೊಡ್ಡವರು ಮತ್ತು ಹದಿಹರೆಯದವರು ಸಾಲ್ಬುಟಮಾಲ್ ಒಂದನ್ನೇ ನಂಬಿಕೊಂಡಿರಬಾರದು ಅಂತ ಹೇಳ್ತು.

ನಮ್ಮಲ್ಲಿ ಆಗೋದು ಉಲ್ಟಾ. ಬೇಸಿಗೆಯಲ್ಲಿ ಆರಾಮಿದ್ದೀನಿ ಅಂತ ಸ್ಟೀರಾಯ್ಡ್ ಬಿಡ್ತಾರೆ. 'ಪಂಪ್ ಅಭ್ಯಾಸ ಆಗಿಬಿಡುತ್ತೆ' ಅನ್ನೋ ಭಯ. ಮದುವೆ ಮಾತುಕತೆ ಅಂತ ಮುಚ್ಚಿಡೋರೂ ಇದ್ದಾರೆ. ಜೂನ್‌ನಲ್ಲಿ ನೆಗಡಿ ಬರೋ ಹೊತ್ತಿಗೆ ಒಳಗೋಡೆ ಆಗಲೇ ಕೆರಳಿರುತ್ತೆ. ಆಮೇಲೆ ಮೆಡಿಕಲ್ ಶಾಪ್‌ನಿಂದ ಆಂಟಿಬಯಾಟಿಕ್ ತಂದು ನುಂಗಿದ್ರೆ ವೈರಸ್ ಸಾಯಲ್ಲ.

ಹಾಗಾಗಿ ಡಾಕ್ಟರನ್ನ ಕೇಳದೆ ಸ್ಟೀರಾಯ್ಡ್ ಇನ್‌ಹೇಲರ್ ನಿಲ್ಲಿಸಬೇಡಿ. ನೆಗಡಿ ಶುರುವಾದ್ರೆ ಏನು ಮಾಡ್ಬೇಕು ಅಂತ ಮಳೆಗಾಲಕ್ಕೆ ಮೊದಲೇ ಬರೆಸಿಟ್ಕೊಳ್ಳಿ. ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗ್ತಿಲ್ಲ, ತುಟಿ ನೀಲಿ ಆಗ್ತಿದೆ, ನೀಲಿ ಇನ್‌ಹೇಲರ್‌ಗೂ ಬಗ್ಗುತ್ತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಮ್ಮ ರಸ್ತೆಗಳಲ್ಲಿ ಮರ ಬಿದ್ದಿದ್ರೆ ಆಸ್ಪತ್ರೆ ಇನ್ನೂ ದೂರ.

ಇದನ್ನ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಹಾಕಿ. ಮುಂದಿನ ವಾರ ಸಿಗೋಣ.